ಹೆಸರು ಹಾಕದ ಕರಪತ್ರ

ಜನವರಿ 14

ಪಟಾಕಿ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಯಾರಾದರೂ ಬಂದು ಎದುರಿಗೆ ಕೂರುತ್ತಾರೆ. ಈ ಮನೆಯಲ್ಲಿ ಹೆಂಗಸು ಒಬ್ಬಳೇ ಕೂತಿದ್ದಾಳೆಂದರೆ ಅವಳಿಗೆ ಏನೋ ಆಗಿದೆ ಎಂದೇ ಲೆಕ್ಕ. ಅದಕ್ಕೇ ಇದನ್ನು ಕಾರ್ಖಾನೆಯ ಊಟದ ಬಿಡುವಿನಲ್ಲಿ, ಬಟ್ಟೆಯ ಥಾನುಗಳ ಹಿಂದೆ ಕೂತು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನಮ್ಮ ಕಟಿಂಗ್ ಮಾಸ್ಟರ್ ಕೆಲಸ ಬಿಡುತ್ತಿದ್ದಾರೆ. "ಗೆರೆ ಒಂದಿದ್ರೆ ನನಗೆ ಎರಡು ಕಾಣ್ತಿದೆಯಮ್ಮ, ಯಾವುದರ ಮೇಲೆ ಕತ್ತರಿಸ್ಲಿ?" ಎಂದು ನಗುತ್ತಾರೆ. ಅವರ ಜಾಗಕ್ಕೆ, ಅವರ ಕೈಕೆಳಗೆ ಗೆರೆ ಎಳೆಯುವ ನನ್ನ ಹೆಸರನ್ನೇ ಯಜಮಾನರ ಹತ್ತಿರ ಹೇಳಿದ್ದಾರೆ! ಏಪ್ರಿಲ್ ಕೊನೆಗೆ ಪರೀಕ್ಷೆ. ಎಂಬತ್ತು ಪದರ ಬಟ್ಟೆ ಹಾಸಿ, ಗುರುತು ಹಾಕಿ, ಮಶೀನಿನಲ್ಲಿ ಕತ್ತರಿಸಬೇಕು. ಮೇಲಿನ ಪದರಕ್ಕೂ ತಳದ ಪದರಕ್ಕೂ ಕೂದಲೆಳೆಯ ವ್ಯತ್ಯಾಸ ಬರಬಾರದು. ಗೆದ್ದರೆ ಮೇಜು ನನ್ನದು. ಹೊಲಿಗೆ ಮಶೀನಿಗೆ ಮೂವತ್ತೆಂಟು ಹೆಂಗಸರಿದ್ದರೂ ಆ ಮೇಜಿಗೆ ಇದುವರೆಗೆ ಹೆಂಗಸು ಯಜಮಾನಿಯಾದದ್ದಿಲ್ಲ.

ಇನ್ನೊಂದು ವಿಷಯ, ನಿನಗೆ ಮಾತ್ರ. ಅತ್ತೆ ನನ್ನನ್ನು ಮೂರನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಮದುವೆಯಾಗಿ ನಾಲ್ಕು ವರ್ಷವಾಯಿತಲ್ಲ. ನಾನು ಅಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಪಟಾಕಿ, ಎರಡು ವರ್ಷದಿಂದ ನಾನು ಮಗುವಾಗದಂತೆ ಮಾತ್ರೆ ನುಂಗುತ್ತಿದ್ದೇನೆ. ಮನೆಯಲ್ಲಿ ಇಡಲು ಜಾಗವಿಲ್ಲ, ಅತ್ತೆ ಸಕ್ಕರೆ ಡಬ್ಬಿಯನ್ನೂ ಬಿಡದೆ ಕೊಡವಿ ತೊಳೆಯುವವರು. ಹಾಗಾಗಿ ನನ್ನ ಚಾಕ್ ಡಬ್ಬಿಯ ತಳದಲ್ಲಿ, ಚಾಕಿನ ಪುಡಿಯ ಕೆಳಗೆ ಇಟ್ಟಿದ್ದೇನೆ. ಬೆಳಗ್ಗೆ ಮೊದಲ ಗೆರೆ ಎಳೆಯುವ ಮುಂಚೆ ಒಂದು ನುಂಗುತ್ತೇನೆ, ಬೆರಳಿಗಂಟಿದ ಚಾಕಿನ ರುಚಿಯೂ ಅದರ ಜೊತೆಗೇ ಒಳಗೆ ಹೋಗುತ್ತದೆ. ಅದೇ ಹೊತ್ತಿಗೆ ಮನೆಯಲ್ಲಿ ಅತ್ತೆ, ನನಗೆ ಮಗುವಾಗಲಿ ಎಂದು ಯಾವುದೋ ಬೇರು ಕುದಿಸುತ್ತಿರುತ್ತಾರೆ. ಸಂಜೆ ಹೋಗಿ ಅದನ್ನೂ ಕುಡಿಯುತ್ತೇನೆ.

ಈ ಮೇಜಿನ ಬಳಿ ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು. ಬಸುರಿಗೆ ಯಾರೂ ಮೇಜು ಕೊಡುವುದಿಲ್ಲ. ಅಷ್ಟೇ ಕಾರಣ.

ಓದಿ ಹರಿದು ಹಾಕು.

ನಿನ್ನ ಅಕ್ಕ


ಜನವರಿ 25

ಅಕ್ಕ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಚ್ಚಿನ ಮನೆಯಲ್ಲಿ ಪ್ರೂಫ್ ನೋಡುತ್ತಾ ದಿನಕ್ಕೆ ಎಷ್ಟೋ ಪುಟ ಓದುತ್ತೇನೆ, ಮದುವೆ ಕರೆಯೋಲೆ, ಔಷಧಿ ಜಾಹೀರಾತು, ಯಾರೋ ದೊಡ್ಡವರ ಭಾಷಣ. ನಿನ್ನ ಎರಡು ಪುಟದಲ್ಲಿರುವ ನಿಜ ಅದರಲ್ಲೆಲ್ಲೂ ಇಲ್ಲ.

ಹೆಣ್ಣಿನ ಹೊಟ್ಟೆ ಒಂದು ಮನೆತನದ ಹೊಲ ಎಂದುಕೊಂಡಿದ್ದಾರೆ ಇವರು. ಬಿತ್ತಿದ್ದೇಕೆ ಬೆಳೆಯಲಿಲ್ಲ ಎಂದು ಮೂರು ಮೂರು ಡಾಕ್ಟರಿಗೆ ತೋರಿಸುತ್ತಾರೆ. ನಿನ್ನ ಕೈಗಳ ಬಗ್ಗೆ ಯಾವ ಡಾಕ್ಟರನ್ನಾದರೂ ಕೇಳಿದರಾ? ಎಂಬತ್ತು ಪದರ ಕತ್ತರಿಸುವ ಕೈ ಎಂದು ಆ ಮನೆಯಲ್ಲಿ ಒಬ್ಬರಾದರೂ ಹೇಳಿದರಾ?

ಭಾವ ಇದಕ್ಕೆಲ್ಲ ಏನು ಹೇಳುತ್ತಾರೆ? ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣೆಲ್ಲ ಸರಿ ಮಾಡುತ್ತಾರೆ, ಮನೆಯಲ್ಲಿ ನಡೆಯುವುದು ಕಾಣುವುದಿಲ್ಲವೇ? ಅಮ್ಮ ಹೇಳಿದ ಮಾತಿಗೆ ಕೋಲೆಬಸವನ ಹಾಗೆ ತಲೆಯಾಡಿಸುತ್ತಾರೆ ತಾನೆ? ನನಗೆ ಗೊತ್ತು, ನೀನು ಬರೆಯುವುದಿಲ್ಲ.

ಹರಿಯಲು ಮನಸ್ಸು ಬರಲಿಲ್ಲ ಅಕ್ಕ. ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ನಮ್ಮ ಓದು ಕೂಟದ ಐವರು ಹುಡುಗಿಯರು ಈಗ ತಿಂಗಳಿಗೊಂದು ಕರಪತ್ರ ತರುತ್ತಿದ್ದೇವೆ. ಹಿಂದಿನದನ್ನು ಓದಿ ಒಬ್ಬ ನರ್ಸಮ್ಮ ಅಚ್ಚಿನ ಮನೆಯವರೆಗೂ ಹುಡುಕಿಕೊಂಡು ಬಂದಿದ್ದಳು. ಮಾತಿಗೆ ಬೆಂಕಿ ಹೊತ್ತಿಸುವ ಶಕ್ತಿ ಇದೆ, ಅಕ್ಕ.

ನಿನ್ನ ಪಟಾಕಿ


ಫೆಬ್ರವರಿ 9

ಪಟಾಕಿ,

ಬೆಂಕಿ ಹೊತ್ತಿಸಿಕೋ, ಆದರೆ ಹಾಸಿಗೆಯ ಕೆಳಗೆ ಕಾಗದ ಇಟ್ಟುಕೊಂಡು ಹೊತ್ತಿಸಬೇಡ ಮಾರಾಯ್ತಿ. ಹರಿದು ಹಾಕು ಎಂದರೆ ಹರಿದು ಹಾಕು.

ಭಾವನ ವಿಷಯ ಬಿಡು.

ದಿನಾ ಸಂಜೆ ಅರ್ಧ ಗಂಟೆ ಹೆಚ್ಚು ನಿಂತು ಮಾಸ್ಟರ್ ಬಳಿ ಕಲಿಯುತ್ತಿದ್ದೇನೆ. ಜಾರುವ ಬಟ್ಟೆಗೆ ನಡುನಡುವೆ ಕಾಗದ ಹಾಕಬೇಕು, ಅವಸರ ಮಾಡಿದರೆ ತಳದ ಪದರ ಸೇಡು ತೀರಿಸಿಕೊಳ್ಳುತ್ತದೆ. "ಮೇಲಿನದು ಎಲ್ಲರಿಗೂ ಕಾಣತ್ತೆ. ಕತ್ತರಿಸೋಳಿಗೆ ತಳದ್ದು ಕಾಣ್ಬೇಕು," ಎನ್ನುತ್ತಾರೆ. ಕಾಜಾ ಮಶೀನಿನ ಅಕ್ಕ ಇದ್ದಾಳಲ್ಲ, ಗುಂಡಿಯ ತೂತು ಹೊಲಿಯುವವಳು, ಅವಳು ಈಗಲೇ ನನ್ನನ್ನು "ಮಾಸ್ಟರಮ್ಮ" ಎಂದು ಕರೆಯಲು ಶುರುಮಾಡಿದ್ದಾಳೆ. ಗದರಿದರೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋದು ನಮ್ಮ ಕಸುಬೇ ಅಲ್ವಾ!" ಎಂದು ನಗುತ್ತಾಳೆ.

ಕಾಲು ಊದುತ್ತದೆ. ಸಂತೋಷವಾಗಿದ್ದೇನೆ.

ಅಕ್ಕ


ಮಾರ್ಚ್ 2

ಅಕ್ಕ, ನನ್ನ ಅಕ್ಕ,

ಇದರ ಜೊತೆ ಇರುವುದನ್ನು ಕೂತುಕೊಂಡು ಓದು. ಗಾಬರಿಯಾಗಬೇಡ. ನಿನ್ನ ಹೆಸರಿಲ್ಲ, ಊರಿಲ್ಲ, ಕಾರ್ಖಾನೆಯ ಗುರುತಿಲ್ಲ. "ಹೊಲಿಗೆ ಕೆಲಸದ ಒಬ್ಬ ಸಹೋದರಿ" ಎಂದಷ್ಟೇ ಇದೆ. ಅಂಥವರು ಸಾವಿರಾರು ಜನ.

ಆರುನೂರು ಪ್ರತಿ ಹಾಕಿಸಿದೆವು. ಅಕ್ಷರ ಅಕ್ಷರವನ್ನೂ ನಾನೇ ತಿದ್ದಿದ್ದೇನೆ. ಚಾಕಿನ ರುಚಿಯ ಮಾತನ್ನು ನೀನು ಬರೆದ ಹಾಗೆಯೇ ಇಟ್ಟೆ, ಅದನ್ನು ಓದಿದಾಗ ಕೂಟದಲ್ಲಿ ಒಬ್ಬಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಕೊನೆಗೆ ಮಾತ್ರ ಒಂದೆರಡು ಸಾಲು ನಾನು ಸೇರಿಸಿದೆ, ಅರ್ಥ ಗಟ್ಟಿಯಾಗಲೆಂದು.

ಇಪ್ಪತ್ತಕ್ಕಿಂತ ಹೆಚ್ಚು ಹೆಂಗಸರಿರುವ ಹನ್ನೊಂದು ಹೊಲಿಗೆ ಕಾರ್ಖಾನೆಗಳಿಗೆ ಕಟ್ಟು ಕಳಿಸಿದ್ದೇವೆ. ನಿಮ್ಮದಕ್ಕೂ! ನಿನ್ನ ಮಾತು ನಿನ್ನ ಪಕ್ಕದ ಮಶೀನಿನವಳ ಕೈಗೆ ಹೋಗಿ, ಅವಳು ಅದನ್ನು ಯಾರೋ ಗೊತ್ತಿಲ್ಲದವಳ ಮಾತೆಂದು ಓದಿ ಧೈರ್ಯ ತಂದುಕೊಳ್ಳುವುದನ್ನು ನೀನು ಸುಮ್ಮನೆ ನಿಂತು ನೋಡಬೇಕು. ಅದು ನಿನಗೆ ನನ್ನ ಉಡುಗೊರೆ.

ಪಟಾಕಿ


ಮಾರ್ಚ್ 20

ಅಕ್ಕ,

ಉತ್ತರವಿಲ್ಲ. ಪರೀಕ್ಷೆಯ ತಯಾರಿ ಜೋರಾಗಿರಬೇಕು. ಅಥವಾ ಕಾಗದ ಹರಿಯಲಿಲ್ಲವೆಂದು ಕೋಪವೇ? ಇನ್ನೂ ನಾಲ್ಕು ಜನ ಹೆಂಗಸರು ತಮ್ಮ ಕಥೆ ಬರೆದು ಕಳಿಸಿದ್ದಾರೆ. ನೀನು ಬಾಗಿಲು ತೆರೆದೆ ಅಕ್ಕ.

ಪಟಾಕಿ


ಏಪ್ರಿಲ್ 4

ಅಕ್ಕ,

ಒಂದು ಸಾಲು ಬರೆ. ಬೈದಾದರೂ ಬರೆ.


ಏಪ್ರಿಲ್ 19

ತಂಗಿ,

ಮಾರ್ಚ್ ಒಂಬತ್ತನೇ ತಾರೀಕು ಕಟ್ಟು ಬಂತು. ಅದಾದ ಎರಡು ದಿನಕ್ಕೆ ನಿನ್ನ ಕಾಗದ. ನೀನು ಹೇಳಿದಂತೆ ಕೂತುಕೊಂಡು ಓದುವ ಅವಕಾಶ ನನಗೆ ಸಿಗಲಿಲ್ಲ.

ಊಟದ ಬಿಡುವಿನಲ್ಲಿ ಕಾಜಾ ಅಕ್ಕ ಗಟ್ಟಿಯಾಗಿ ಓದಿದಳು, ಅವಳ ಧ್ವನಿ ಚೆನ್ನಾಗಿದೆಯೆಂದು ಏನು ಬಂದರೂ ಅವಳ ಕೈಗೇ ಕೊಡುತ್ತಾರೆ. "ಅಯ್ಯೋ, ಯಾವ ತಾಯಿ ಹೆತ್ತ ಮಗಳೋ!" ಎಂದು ನಡುವೆ ನಡುವೆ ನಿಲ್ಲಿಸಿ ಮರುಗುತ್ತಿದ್ದಳು. ನಾನೂ ಕೇಳುತ್ತಾ ಕೂತಿದ್ದೆ. ಎರಡನೇ ಸಾಲಿಗೇ ಗೊತ್ತಾಯಿತು, ಅದು ನನ್ನದೇ ಕಾಗದ. ಚಾಕ್ ಡಬ್ಬಿಯ ಮಾತಿಗೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿದಳು. ತಲೆಯೆತ್ತಲಿಲ್ಲ. ಉಳಿದವರೆಲ್ಲ ಎತ್ತಿದರು.

ಹೊಲಿಗೆ ಮಶೀನಿನವರಿಗೆ ಚಾಕ್ ಏಕೆ, ತಂಗಿ? ಅವರ ಕೈಗೆ ಕತ್ತರಿಸಿದ ತುಂಡು ಬರುತ್ತದೆ, ಹೊಲಿಯುತ್ತಾರೆ. ಗೆರೆ ಎಳೆಯುವುದು ಕಟಿಂಗ್ ಮೇಜಿನವರು ಮಾತ್ರ. ಚಾಕ್ ಡಬ್ಬಿ ಅವರ ಹತ್ತಿರ ಮಾತ್ರ. ನಮ್ಮಲ್ಲಿ ಅಂಥ ಡಬ್ಬಿ ನಾಲ್ಕಿವೆ. ಮೂರು ಗಂಡಸರವು. ಹನ್ನೊಂದು ಕಾರ್ಖಾನೆಯಲ್ಲಿ ಎಲ್ಲಿ ಹುಡುಕಿದರೂ ಮೇಜಿನ ಬಳಿ ನಿಲ್ಲುವ ಹೆಂಗಸು ನಾನೊಬ್ಬಳೇ ಇರಬೇಕು. ನೀನು ನನ್ನ ಹೆಸರನ್ನು ತೆಗೆದು, ಅದಕ್ಕಿಂತ ದೊಡ್ಡ ಗುರುತನ್ನು ಅಚ್ಚು ಹಾಕಿಸಿದೆ.

ನಾನು ಮನೆ ಮುಟ್ಟುವ ಮೊದಲೇ ಕರಪತ್ರ ಮನೆ ಮುಟ್ಟಿತ್ತು. ಊರ ಬಾಯಿಗೆ ಕಾಲೂ ಇರುತ್ತದೆ. ಅತ್ತೆ ಕೂಗಾಡುತ್ತಾರೆಂದು ನಾನು ಅಂದುಕೊಂಡಿದ್ದೆ, ಕೂಗಾಡಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು.

"ದಿನಾ ಒಲೆ ಮುಂದೆ ನಿಂತು ಕುದಿಸಿದ್ನಲ್ಲಮ್ಮ," ಎಂದರು. "ಕುಡಿಯೋವಾಗ ನಗು ಬರ್ತಿರಲಿಲ್ವಾ ನಿನಗೆ?"

ನನಗೆ ಒಂದು ದಿನವೂ ನಗು ಬಂದಿರಲಿಲ್ಲ. ಹಾಗೆಂದು ಹೇಳಿದರೆ ಯಾರು ನಂಬುತ್ತಾರೆ?

ಅಷ್ಟರಲ್ಲಿ ನಿನ್ನ ಭಾವ ಬಂದರು. ಅತ್ತೆ ಕೇಳಿದರು, "ನಿನಗೆ ಗೊತ್ತಿತ್ತೇನೋ ಇದು?" ಅವರು ಕರಪತ್ರ ತೆಗೆದುಕೊಂಡು ಪೂರ್ತಿ ಓದಿದರು. ನಿಂತೇ ಓದಿದರು. ಕೊನೆಯ ಸಾಲುಗಳ ಹತ್ತಿರ ಬೆರಳಿಟ್ಟು, ಅಮ್ಮನ ಮುಂದೆ ಹಿಡಿದರು.

"ಇಲ್ಲೇ ಬರ್ದಿದೆಯಲ್ಲಮ್ಮ. ಕಟ್ಟಿಕೊಂಡ ಗಂಡನಿಗೂ ಗೊತ್ತಾಗದ ಹಾಗೆ ಅಂತ."

ಆ ಸಾಲು ನನ್ನ ಕಾಗದದಲ್ಲಿ ಇರಲಿಲ್ಲ, ತಂಗಿ. ಅದು ನೀನು ಅರ್ಥ ಗಟ್ಟಿಯಾಗಲೆಂದು ಸೇರಿಸಿದ್ದು.

ಆ ಮಾತ್ರೆಗಳನ್ನು ಎರಡು ವರ್ಷದಿಂದ ತಂದುಕೊಡುತ್ತಿದ್ದವರು ಅವರೇ. ಹತ್ತಿರದ ಔಷಧಿ ಅಂಗಡಿಯವನಿಗೆ ಅತ್ತೆಯ ಪರಿಚಯವೆಂದು ಎರಡು ಸ್ಟಾಪ್ ಮುಂಚೆಯೇ ಬಸ್ಸಿಳಿದು, ತಂದು, ಉಳಿದ ದಾರಿ ನಡೆದು ಬರುತ್ತಿದ್ದರು. ಮೇಜಿನ ಆಸೆ ನನಗೆ ಹುಟ್ಟಿದಾಗ ಅದನ್ನು ಮೊದಲು ಹೇಳಿದ್ದು ಅವರಿಗೆ. "ಅಮ್ಮನ ಎದುರು ನಿಲ್ಲೋಕೆ ನನ್ನ ಕೈಲಾಗಲ್ಲ. ಆದ್ರೆ ನಿನ್ನ ಹಿಂದೆ ನಿಲ್ತೀನಿ," ಎಂದಿದ್ದರು. ಯಾರಿಗೂ ಹೇಳಬೇಡ, ನಿನ್ನ ತಂಗಿಗೂ ಬೇಡ ಎಂದಿದ್ದರು. ತಡೆಯಲಾರದೆ ನಾನು ನಿನಗೆ ನನ್ನ ಅರ್ಧ ಹೇಳಿದೆ. ಅವರ ಅರ್ಧ ಹೇಳಲಿಲ್ಲ.

ಖಾಲಿ ಬಿಟ್ಟ ಜಾಗವನ್ನು ನೀನು ತುಂಬಿದೆ. ಅವರು ಅದರೊಳಗೆ ಹೋಗಿ ನಿಂತರು.

ಅಕ್ಕ


ಏಪ್ರಿಲ್ 24

ಅಕ್ಕ,

ಚಾಕಿನ ವಿಷಯ ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಹೊಲಿಯುವವರೆಲ್ಲರ ಬಳಿಯೂ ಇರುತ್ತದೆ ಎಂದುಕೊಂಡಿದ್ದೆ. ಅದು ನನ್ನ ತಪ್ಪು, ಸಾವಿರ ಸಲ ತಪ್ಪು.

ಆದರೆ ಅಕ್ಕ, ನಾನೊಂದು ಸಾಲು ಬರೆದೆ, ಅಷ್ಟೇ. ಅದರ ಹಿಂದೆ ಅಡಗಿಕೊಂಡವರು ಅವರು. ಗಂಡಸು ತನ್ನ ಅಮ್ಮನ ಎದುರು ಒಂದು ನಿಜ ಹೇಳಲಾರದೆ ಹೋದರೆ ಅದಕ್ಕೆ ಕರಪತ್ರ ಹೊಣೆಯೇ? ಇವತ್ತಲ್ಲ ನಾಳೆ ಇದು ಹೊರಗೆ ಬರುತ್ತಿತ್ತು. ಈಗ ಎಲ್ಲರ ಬಣ್ಣ ಬಯಲಾಗಿದೆ. ಇನ್ನು ಆ ಮನೆಯಲ್ಲಿ ನಿನಗೇನಿದೆ? ಬಂದುಬಿಡು. ನನ್ನ ಕೋಣೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿದೆ. ಇಲ್ಲಿಯೂ ಹೊಲಿಗೆ ಕಾರ್ಖಾನೆಗಳಿವೆ. ಕೂಟದವರೆಲ್ಲ ನಿನ್ನನ್ನು ನೋಡಲು ಕಾಯುತ್ತಿದ್ದಾರೆ. ಮುಂದಿನ ಕರಪತ್ರದಲ್ಲಿ ಇಂಥ ಗಂಡಸರ ಬಗ್ಗೆ ಬರೆಯಬೇಕೆಂದು ಅವರ ಒತ್ತಾಯ. ನೀನು ಹೂಂ ಎಂದರೆ ಮಾತ್ರ.

ಪಟಾಕಿ


ಮೇ 11

ತಂಗಿ,

ಊಹೂಂ.

ಪರೀಕ್ಷೆ ಮುಗಿಯಿತು. ಎಂಬತ್ತು ಪದರ ಹಾಸಿದೆ. ಯಜಮಾನರು ಮೇಲಿನ ತುಂಡನ್ನೂ ತಳದ ತುಂಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಎಲ್ಲೂ ಹೊರಗೆ ಇಣುಕಲಿಲ್ಲ. ಮಾಸ್ಟರ್ ಕಣ್ಣೊರೆಸಿಕೊಂಡರು, ಅವರ ಕಣ್ಣಲ್ಲಿ ಹೇಗೂ ನೀರು ಬರುತ್ತಿರುತ್ತದೆ.

"ಕೈ ಚೆನ್ನಾಗಿದೆ," ಎಂದರು ಯಜಮಾನರು. "ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಕಾಗದ ಬಂದಮೇಲೆ ಮೂರು ಹುಡುಗೀರನ್ನ ಮನೆಯವರು ಬಿಡಿಸ್ಕೊಂಡು ಹೋದ್ರು. ಅಲ್ಲಿ ಇಂಥದೆಲ್ಲ ಕಲಿಸ್ತಾರೆ ಅಂತ. ನಿನ್ನನ್ನ ಆ ಮೇಜಿಗೆ ನಿಲ್ಲಿಸಿದ್ರೆ ಇನ್ನೂ ಹತ್ತು ಮಂದಿ ಹೋಗ್ತಾರೆ. ನಾನು ಕಾರ್ಖಾನೆ ನಡೆಸಬೇಕಮ್ಮ."

ಮೇಜು ನನ್ನ ಪಕ್ಕದವನಿಗೆ ಹೋಯಿತು. ಒಳ್ಳೆಯವನು. ಮುಖ ಎತ್ತಿ ನನ್ನನ್ನು ನೋಡುವುದಿಲ್ಲ, ಪಾಪ. ಬಿಡಿಸಿಕೊಂಡು ಹೋದ ಮೂವರಲ್ಲಿ ಒಬ್ಬಳಿಗೆ ಹತ್ತೊಂಬತ್ತು. ಅವಳಿಗೆ ಗಂಡು ಗೊತ್ತಾಗಿದೆಯಂತೆ. ನಿನ್ನ ಕರಪತ್ರ ಓದಿ ಧೈರ್ಯ ತಂದುಕೊಂಡವರ ಲೆಕ್ಕ ನಿನ್ನ ಬಳಿ ಇದೆ. ಇವರನ್ನೂ ಅದಕ್ಕೆ ಸೇರಿಸಿಕೋ.

ಬಂದುಬಿಡು ಎಂದು ಬರೆದೆ. ನಿನ್ನ ಕೂಟದಲ್ಲಿ ನಾನು ಏನಾಗಿ ಕೂರಲಿ? ಇಲ್ಲಿ ನನ್ನನ್ನು ನೋಡಿದವರಿಗೆ ನನ್ನ ಹೊಟ್ಟೆ ಕಾಣುತ್ತದೆ. ಅಲ್ಲಿ ನೋಡಿದವರಿಗೂ ಅದೇ ಕಾಣುತ್ತದೆ.

ನಿನಗೆ ಹೇಳದ ಇನ್ನೊಂದು ಮಾತಿದೆ. ಹೇಳಬಾರದೆಂದಿದ್ದೆ. ಆ ಕಟ್ಟು ಬರುವ ಹಿಂದಿನ ಭಾನುವಾರ ನಾವಿಬ್ಬರೂ ಹೊಳೆಯ ಸೇತುವೆಯವರೆಗೆ ನಡೆದುಕೊಂಡು ಹೋಗಿದ್ದೆವು. ಮೇಜು ಸಿಕ್ಕರೆ ಎರಡು ವರ್ಷ ಅದರ ಮೇಲೆ ಕೈ ಕೂರಿಸಿ, ಆಮೇಲೆ ಮಾತ್ರೆ ನಿಲ್ಲಿಸೋಣ ಎಂದು ನಾನೇ ಹೇಳಿದೆ. ಯಾರೂ ಕೇಳಿರಲಿಲ್ಲ, ಒತ್ತಾಯವಿರಲಿಲ್ಲ. ನನಗೆ ಮಗು ಬೇಕೆನ್ನಿಸಿತ್ತು ತಂಗಿ. ಬೇಡ ಎನ್ನುವುದು ನನ್ನ ಕೈಯಲ್ಲಿತ್ತು, ಅದಕ್ಕೇ ಬೇಕು ಎನ್ನುವುದೂ ನನ್ನೊಳಗೇ ಹುಟ್ಟಿತು. ಅವರು ಸೇತುವೆಯ ಕಂಬಿ ಹಿಡಿದುಕೊಂಡು, "ಹುಡುಗಿ ಆದ್ರೆ ಕತ್ತರಿ ಕೈಗೆ ಸಿಗದ ಹಾಗೆ ನೋಡ್ಕೊಬೇಕು, ನಮ್ಮನೆ ಪರದೆ ಎಲ್ಲಾ ಚೂರು ಮಾಡ್ತಾಳೆ," ಎಂದರು. ಇಬ್ಬರೂ ನಕ್ಕೆವು.

ಈಗ ಹೆತ್ತರೆ ಅತ್ತೆ ಗೆದ್ದಂತೆ. ಹೆರದಿದ್ದರೆ ನೀನು ಗೆದ್ದಂತೆ. ನನ್ನ ಆಸೆ ನಿಲ್ಲಲು ಜಾಗ ಎಲ್ಲಿದೆ?

ಬರಬೇಡ. ನಾನು ಬರೆಯುವವರೆಗೆ ಬರೆಯಲೂ ಬೇಡ.

ಅಕ್ಕ


ಜೂನ್ 30

ಅಕ್ಕ,

ಬರೆಯಬೇಡ ಎಂದಿದ್ದೆ. ಏಳು ವಾರ ತಡೆದೆ.

ಕಳೆದ ತಿಂಗಳು ನಿಮ್ಮೂರಿಗೆ ಬಂದಿದ್ದೆ. ಕಾರ್ಖಾನೆಯ ಎದುರು, ಸೈಕಲ್ ರಿಪೇರಿ ಅಂಗಡಿಯ ಪಕ್ಕ ನಿಂತಿದ್ದೆ. ಬಿಟ್ಟ ಮೇಲೆ ಹೆಂಗಸರು ಗುಂಪುಗುಂಪಾಗಿ ಬಂದರು. ನೀನು ಕೊನೆಗೆ ಬಂದೆ, ಕಾಜಾ ಅಕ್ಕ ಇರಬೇಕು, ಅವಳು ನಿನ್ನ ತೋಳು ಹಿಡಿದಿದ್ದಳು. ರಸ್ತೆ ದಾಟಲು ನನಗೆ ಹತ್ತು ಹೆಜ್ಜೆ ಸಾಕಿತ್ತು. ದಾಟಲಿಲ್ಲ. ನನ್ನನ್ನು ನೋಡಿದರೆ ನೀನು ನನಗೆ ಸಮಾಧಾನ ಹೇಳಲು ಶುರುಮಾಡುತ್ತೀಯ ಎಂದು ಹೆದರಿದೆ. ಚಿಕ್ಕಂದಿನಿಂದ ನಾನು ಮುರಿದದ್ದಕ್ಕೆಲ್ಲ ಅಳುತ್ತಿದ್ದವಳು ನಾನು, ಜೋಡಿಸುತ್ತಿದ್ದವಳು ನೀನು.

ಗಂಡನಿಗೂ ಗೊತ್ತಿಲ್ಲ ಎಂಬ ಸಾಲನ್ನು ಏಕೆ ಬರೆದೆ ಎಂದು ಯೋಚಿಸುತ್ತಲೇ ಇದ್ದೇನೆ. ಭಾವನ ವಿಷಯ ಬಿಡು ಎಂದು ನೀನು ಬರೆದಾಗ, ನೀನು ಹೆದರಿದ್ದೀಯ ಎಂದುಕೊಂಡೆ. ಕಾಪಾಡುತ್ತಿರಬಹುದೆಂದು ಹೊಳೆಯಲಿಲ್ಲ. ನನಗೆ ಒಬ್ಬ ಕೆಟ್ಟ ಗಂಡ ಬೇಕಾಗಿದ್ದ. ಇಲ್ಲದಿದ್ದರೆ ಕರಪತ್ರಕ್ಕೆ ಕಾವು ಬರುತ್ತಿರಲಿಲ್ಲ. ಸುಳ್ಳಿನ ವಿರುದ್ಧ ಬರೆಯುತ್ತಿದ್ದೇನೆ ಎನ್ನುತ್ತಾ ನಾನೇ ಒಂದು ಸುಳ್ಳು ಬರೆದೆ, ಅದನ್ನು ನಾನೇ ಎರಡು ಸಲ ತಿದ್ದಿ ಅಚ್ಚಿಗೆ ಕೊಟ್ಟೆ.

ಇದನ್ನು ಕೂಟದಲ್ಲಿ ಹೇಳಿದೆ. "ಹೋರಾಟದಲ್ಲಿ ಇಂಥದೆಲ್ಲ ಇದ್ದದ್ದೇ," ಎಂದರು. ನಿನ್ನೆಯವರೆಗೆ ಬೇರೆಯವರಿಗೆ ನಾನು ಹೇಳುತ್ತಿದ್ದ ಮಾತದು. ಈಗ ನಾನು ಬರೆಯುತ್ತಿಲ್ಲ. ಪ್ರೂಫ್ ಮಾತ್ರ ನೋಡುತ್ತೇನೆ. ನಾನು ನಂಬಿದ್ದು ಈಗಲೂ ತಪ್ಪಲ್ಲ ಅಕ್ಕ, ಅವಳ ಮೈ ಅವಳದ್ದು ಎನ್ನುವ ಮಾತು ತಪ್ಪಲ್ಲ. ಅದನ್ನು ಹೇಳಲು ನಿನ್ನ ಮೈಯನ್ನೇ ನಿನ್ನನ್ನು ಕೇಳದೆ ತೆಗೆದುಕೊಂಡೆನಲ್ಲ.

ಕ್ಷಮಿಸು ಎಂದು ಕೇಳುತ್ತಿಲ್ಲ. ಹೇಗಿದ್ದೀಯ ಎಂದು ಕೇಳುತ್ತಿದ್ದೇನೆ.

ನಿನ್ನ ತಂಗಿ


ಅಕ್ಟೋಬರ್ 3

ಪಟಾಕಿ,

ನಿನ್ನನ್ನು ಅವತ್ತು ನೋಡಿದೆ. ಸೈಕಲ್ ಅಂಗಡಿಯ ಪಕ್ಕ. ಕಾಜಾ ಅಕ್ಕನೇ, "ಅಲ್ಲಿ ನೋಡು, ನಿನ್ನ ಮೂಗೇ ನಿಂತಿದೆ," ಎಂದಳು. ನಾನೂ ದಾಟಲಿಲ್ಲ.

ನನಗೆ ಈಗ ನಾಲ್ಕನೇ ತಿಂಗಳು.

ನಿನಗೆ ಏನು ಕೇಳಬೇಕೆನಿಸುತ್ತದೆ ಎಂದು ಗೊತ್ತು. ಯಾರೂ ಹೊಡೆಯಲಿಲ್ಲ. ಯಾರೂ ಕೈ ಹಿಡಿದು ಎಳೆಯಲಿಲ್ಲ. ಮನೆಯಲ್ಲಿ ಆರು ವಾರ ಯಾರೂ ನನ್ನ ಜೊತೆ ಮಾತಾಡಲಿಲ್ಲ, ಅಷ್ಟೆ. ತಟ್ಟೆ ಹಾಕುತ್ತಿದ್ದರು, ಬಡಿಸುತ್ತಿದ್ದರು. ಅತ್ತೆ ನಾನು ಕೋಣೆಗೆ ಬಂದರೆ ಎದ್ದು ಹೋಗುತ್ತಿದ್ದರು. ಒಂದು ದಿನ ನಿನ್ನ ಭಾವ ಮಾತ್ರೆಯ ಹೊಸ ಪಟ್ಟಿ ತಂದು, ನಮ್ಮ ಕೋಣೆಯ ಕಿಟಕಿಯ ಮೇಲೆ ಇಟ್ಟು ಹೋದರು. ಅದು ಅವರ ಕ್ಷಮಾಪಣೆ ಇರಬಹುದು. ನಾನು ಎತ್ತಿಕೊಳ್ಳಲಿಲ್ಲ, ಎಸೆಯಲೂ ಇಲ್ಲ. ಅದು ಅಲ್ಲೇ ಬಿಸಿಲಿಗೆ ಬಣ್ಣ ಕಳೆದುಕೊಂಡಿತು.

ಮನಸ್ಸಿದ್ದು ಬಸುರಾದೆಯಾ ಎಂದು ಕೇಳಬೇಡ. ಅದನ್ನು ತಿಳಿಯಲು ನನ್ನೊಳಗೆ ಒಂದು ಕೋಣೆ ಇತ್ತು. ಈಗ ಅಲ್ಲಿ ಎಲ್ಲರೂ ಬಂದು ಕೂತಿದ್ದಾರೆ. ನೀನೂ. ಮಗು ಒದೆಯಲು ಶುರುಮಾಡಿದ ಮೇಲಾದರೂ ನನಗೆ ಗೊತ್ತಾಗಬಹುದು ಎಂದುಕೊಂಡಿದ್ದೇನೆ.

ಕೆಲಸಕ್ಕೆ ಇನ್ನೂ ಹೋಗುತ್ತಿದ್ದೇನೆ. ಈಗ ನನ್ನದು ಕತ್ತರಿಸಿದ ತುಂಡುಗಳಿಗೆ ನಂಬರ್ ಚೀಟಿ ಅಂಟಿಸುವ ಕೆಲಸ, ಕೂತು ಮಾಡುವಂಥದ್ದು. ಜಾರುವ ಬಟ್ಟೆ ಬಂದ ದಿನ ಹೊಸ ಮಾಸ್ಟರ್ ಸುತ್ತಮುತ್ತ ನೋಡಿ, "ಅಕ್ಕ, ಒಂದ್ನಿಮಿಷ ಬರ್ತೀರಾ?" ಎಂದು ಮೆಲ್ಲಗೆ ಕರೆಯುತ್ತಾನೆ. ಹೋಗಿ ಹಾಸಿ, ಕತ್ತರಿಸಿ, ಬಂದು ಚೀಟಿ ಅಂಟಿಸುತ್ತೇನೆ. ಆ ಚೀಟಿಯಲ್ಲಿ ಕತ್ತರಿಸಿದವರ ಹೆಸರು ಎಂಬಲ್ಲಿ ಅವನ ಹೆಸರು ಬರೆಯುವುದೂ ನಾನೇ.

ಬರುವುದಾದರೆ ಬಾ. ಎರಡು ದಿನ ಇದ್ದು ಹೋಗು. ಏನನ್ನೂ ಸರಿಮಾಡಲು ಬರಬೇಡ. ಭಾವನ ಜೊತೆ ಜಗಳವಾಡಬೇಡ, ಅವರು ಈಗ ಜಗಳಕ್ಕೂ ಸಿಗುವುದಿಲ್ಲ.

ಅತ್ತೆ ತುಂಬಾ ಒಳ್ಳೆಯವರಾಗಿದ್ದಾರೆ, ಪಟಾಕಿ. ನೀನು ನಂಬುವುದಿಲ್ಲ. ಸಂಜೆ ನಾನು ಬರುವ ಹೊತ್ತಿಗೆ ಎಣ್ಣೆ ಬಿಸಿ ಮಾಡಿ ಇಟ್ಟಿರುತ್ತಾರೆ. "ಹಳೇದೆಲ್ಲ ಬಿಟ್ಬಿಡಮ್ಮ, ನಾನೂ ಬಿಟ್ಟಿದ್ದೀನಿ," ಎಂದು ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೀವುತ್ತಾರೆ. ಅವರ ಕೈ ಮೆತ್ತಗಿದೆ. ಊತ ಇಳಿಯುತ್ತದೆ. ಬೇಡ ಎನ್ನಲು ನನಗೆ ಕಾರಣವೇ ಸಿಗುವುದಿಲ್ಲ.

ಅಕ್ಕ